ಹಾರದ ಹಿಂದಿನ ದೀಪ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹಾಲು ಉಕ್ಕಿದರೆ ಸಿಟ್ಟು, ಬಸ್ಸು ತಡವಾದರೆ ಸಿಟ್ಟು, ಯಾರಾದರೂ ಸಮಾಧಾನ ಮಾಡಿಕೋ ಅಂದರೆ ಇನ್ನಷ್ಟು ಸಿಟ್ಟು. ಆದರೆ ನಾನು ಇಲ್ಲಿ ಹೇಳುತ್ತಿರುವುದು ಆ ಸಣ್ಣಪುಟ್ಟ ಸಿಟ್ಟಿನ ಮಾತಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲಿನ ಒಂದು ಆಯುಧಪೂಜೆಯಲ್ಲಿ ಶುರುವಾಗಿ ಇವತ್ತಿಗೂ ಆರದೆ ಉಳಿದ ಸಿಟ್ಟಿನ ಮಾತು. ಅದರಲ್ಲಿ ಅರ್ಧ ನನ್ನ ಮ್ಯಾನೇಜರ ಮೇಲೆ. ಉಳಿದರ್ಧ ಯಾರ ಮೇಲೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಗ ನಾನು ಗುಂಡ್ಲುಪೇಟೆಯಲ್ಲಿ ಒಂದು ಖಾಸಗಿ ಕಂಪನಿಯ ಆಪರೇಟರ್ ಆಗಿದ್ದೆ. ತರಬೇತಿ ಸಂಸ್ಥೆಗಳು ಕರೆಯುವ ಅರ್ಜಿಗಳನ್ನು ಕಂಪ್ಯೂಟರಿಗೆ ಹಾಕಿ ಪಟ್ಟಿ ಮಾಡಿಕೊಡುವುದು ಕಂಪನಿಯ ಕೆಲಸ. ಎಲ್ಲೋ ಮುಚ್ಚಿಹೋದ ಕಾರ್ಖಾನೆಯಿಂದ ಬೀರುವಿನಷ್ಟು ಎತ್ತರದ ಎರಡು ಹಳೆಯ ಮೇನ್‌ಫ್ರೇಮ್ ಕಂಪ್ಯೂಟರುಗಳನ್ನು ತಂದು, ಒಂದನ್ನು ಚಾಮರಾಜನಗರದಲ್ಲಿ, ಇನ್ನೊಂದನ್ನು ಗುಂಡ್ಲುಪೇಟೆಯಲ್ಲಿ ಇಟ್ಟಿದ್ದರು. ಅರ್ಜಿ ಬರೆಸುವ ಕೌಂಟರುಗಳೆಲ್ಲ ಚಾಮರಾಜನಗರದ ಯಂತ್ರಕ್ಕೆ ಸೇರಿದ್ದವು. ಅಲ್ಲಿನ ಡಿಸ್ಕಿಗೆ ಒಂದು ಅಕ್ಷರ ಬಿದ್ದರೆ, ಅದೇ ಕ್ಷಣ ಅದು ಲೈನಿನಲ್ಲಿ ಓಡಿಬಂದು ನಮ್ಮ ಡಿಸ್ಕಿನಲ್ಲೂ ಬೀಳಬೇಕು. ಅಲ್ಲಿಗೆ ಸಿಡಿಲೋ ಬೆಂಕಿಯೋ ತಗುಲಿದರೆ ಇಲ್ಲಿನ ನಕಲು ಎದ್ದು ನಿಂತು ಕೆಲಸ ಮುಂದುವರಿಸಬೇಕು. ನಾನು ಸ್ವೆಟರ್ ಹಾಕಿಕೊಂಡು ಆ ಎಸಿ ಕೋಣೆಯಲ್ಲಿ ಕೂತು, ಅಂಥ ದಿನಕ್ಕಾಗಿ ಕಾಯುತ್ತಿದ್ದೆ.

ದಿನಾ ಬೆಳಿಗ್ಗೆ ಒಂದು ದಪ್ಪ ಪುಸ್ತಕದಲ್ಲಿ ಮೂರು ಕಡೆ ಟಿಕ್ಕು ಹಾಕಿ ಸಹಿ ಮಾಡಬೇಕಿತ್ತು. ಎಸಿ ಸರಿ ಇದೆ, ಕರೆಂಟು ಸರಿ ಇದೆ, ನಕಲು ಸರಿ ಇದೆ. ನಕಲು ಸರಿ ಇದೆಯೋ ಇಲ್ಲವೋ ಎಂದು ತಿಳಿಯಲು ಯಂತ್ರದ ಹಣೆಯ ಮೇಲೆ ಒಂದು ಪುಟ್ಟ ದೀಪವಿತ್ತು. ಹಸಿರಾಗಿದ್ದರೆ ಬರೆಯುತ್ತಿದೆ, ಹಳದಿಯಾದರೆ ನಿಂತಿದೆ. ತಲೆಯೆತ್ತಿ ನೋಡಿದರೆ ಆಯಿತು, ಅದಕ್ಕೆ ಯಾವ ವಿದ್ಯೆಯೂ ಬೇಡ.

ಕೋಣೆ ಗುಡಿಸಲು ಭೀಮನಬೀಡಿನಿಂದ ಒಬ್ಬ ಅಕ್ಕ ಬರುತ್ತಿದ್ದಳು. ಮೊದಲ ಬಸ್ಸಿಗೆ ಬಂದು ಕಸ ಹೊಡೆದು, ಒರೆಸಿ, ಹನ್ನೊಂದರ ಬಸ್ಸಿಗೆ ವಾಪಸು ಹೋಗಿ ಕೂಲಿಗೆ ಇಳಿಯುವವಳು. ಯಂತ್ರವನ್ನು ಮಾತ್ರ ಅವಳು ಮುಟ್ಟುವಂತಿರಲಿಲ್ಲ. ನೆಲದ ಮೇಲೆ ಯಂತ್ರದ ಸುತ್ತ ಒಂದು ಕೆಂಪು ಗೆರೆ ಎಳೆದಿದ್ದರು, ಅದರ ಒಳಗಿನ ಕಸ ನಾನೇ ಗುಡಿಸಬೇಕು. ಅವಳ ಮಗಳು ಪಿಯುಸಿ ಮುಗಿಸಿ ನರ್ಸಿಂಗ್ ತರಬೇತಿಗೆ ಸೇರಬೇಕೆಂದು ಹಟ ಹಿಡಿದಿದ್ದಳು. ಅಪ್ಪ ಒಂದೇ ಒಂದು ವರ್ಷ ಬಿಟ್ಟುಕೊಟ್ಟಿದ್ದ.

"ಈ ಸಲ ಸೀಟು ಸಿಕ್ಕುದ್ರ ಓದ್ಲಿ, ಇಲ್ದೋದ್ರ ಕಾರ್ತೀಕಕ್ಕ ಗಂಡು ನೋಡ್ಬುಡದು ಅಂದವ್ರ ಕಣವ್ವ," ಎಂದು ಅಕ್ಕ ಪೊರಕೆ ಹಿಡಿದುಕೊಂಡೇ ಹೇಳಿದ್ದಳು. "ಗಂಡೂ ನೋಡ್ಕಂಡ್ಬುಟ್ಟವ್ರ. ಸೋದರತ್ತೆ ಮಗ. ಕುಡಿತಾನ."

ಆಯುಧಪೂಜೆಯ ಹಿಂದಿನ ದಿನ ಚಾಮರಾಜನಗರದಿಂದ ಮ್ಯಾನೇಜರ ಫೋನು ಬಂತು. ನಮ್ಮ ಕಡೆ ಆಯುಧಪೂಜೆ ಅಂದರೆ ಕುಡುಗೋಲಿನಿಂದ ಹಿಡಿದು ಲಾರಿಯವರೆಗೆ ಎಲ್ಲಕ್ಕೂ ಬಿಡುವು. ಪೂಜೆಯಾದ ಮೇಲೆ ಅವತ್ತು ಅವುಗಳಿಂದ ಕೆಲಸ ತೆಗೆಯಬಾರದು. ಅರ್ಜಿ ಹಾಕುವ ಕಾಲವಾದ್ದರಿಂದ ಚಾಮರಾಜನಗರದ ಯಂತ್ರ ನಿಲ್ಲಿಸಲು ಆಗುವುದಿಲ್ಲ, ಆದರೆ ಗುಂಡ್ಲುಪೇಟೆಯದು ಬರೀ ನಕಲು ತಾನೇ, ಅದಾದರೂ ಒಂದು ದಿನ ಮಲಗಲಿ ಎಂದರು. ಒಂದು ಯಂತ್ರಕ್ಕಾದರೂ ಶಾಸ್ತ್ರ ಮಾಡಿದ ಪುಣ್ಯ ಅವರಿಗೆ ಬೇಕಿತ್ತು. ನಾನು ಎದುರಾಡಲಿಲ್ಲ. ನನಗೂ ಹಬ್ಬದ ದಿನ ಮಧ್ಯಾಹ್ನವೇ ಮನೆಗೆ ಹೋಗಬೇಕಿತ್ತು.

ಹಬ್ಬದ ದಿನ ಬೆಳಿಗ್ಗೆ ನಕಲು ನಿಲ್ಲಿಸುವ ಆಜ್ಞೆಯನ್ನು ನಾನೇ ಟೈಪ್ ಮಾಡಿದೆ. ದೀಪ ಹಳದಿಯಾಯಿತು. ಆಮೇಲೆ ಯಂತ್ರವನ್ನೇ ಆರಿಸಿದೆ. ಅಕ್ಕ ಊರಿನ ಹೊಲದಿಂದ ಒಂದು ಚೀಲ ಚೆಂಡು ಹೂವು ತಂದು, ತೋಳಿನಷ್ಟು ದಪ್ಪದ ಹಾರ ಕಟ್ಟಿದ್ದಳು. ಅವಳು ಗೆರೆ ದಾಟುವಂತಿಲ್ಲವಲ್ಲ, ಹಾರ ಈಸಿಕೊಂಡು ನಾನೇ ಸ್ಟೂಲು ಹತ್ತಿ ಯಂತ್ರದ ಹಣೆಗೆ ಅಡ್ಡಲಾಗಿ ಕಟ್ಟಿದೆ. ಇಳಿದು ದೂರ ನಿಂತು ನೋಡಿ, "ಮದುವಣಗಿತ್ತಿ ಕಂಡಂಗೆ ಕಾಣ್ತಾಳೆ ನೋಡಕ್ಕ" ಅಂದೆ. ಅಕ್ಕ ನಕ್ಕಳು. ಹೊಸ್ತಿಲಲ್ಲಿ ಬೂದುಗುಂಬಳಕಾಯಿ ಒಡೆದು, ಪುರಿ ತಿಂದು, ಬೀಗ ಹಾಕಿಕೊಂಡು ಹೋದೆವು.

ಮಾರನೆಯ ದಿನ ವಿಜಯದಶಮಿ, ರಜ. ಮೂರನೆಯ ದಿನ ಬಂದು ಯಂತ್ರಕ್ಕೆ ಕರೆಂಟು ಕೊಟ್ಟೆ. ಫ್ಯಾನುಗಳು ಗುಂಯ್‌ಗುಟ್ಟಿದವು, ಪರದೆ ಬೆಳಗಿತು. ಯಂತ್ರ ಎದ್ದರೆ ನಕಲೂ ತಾನೇ ಶುರುವಾಗುತ್ತದೆ ಎಂದುಕೊಂಡೆ. ಕರೆಂಟು ಹೋಗಿ ನಿಂತದ್ದಾದರೆ ಹಾಗೆ ಆಗುತ್ತದೆ. ಕೈಯಾರೆ ನಿಲ್ಲಿಸಿದ್ದನ್ನು ಕೈಯಾರೆಯೇ ಶುರು ಮಾಡಬೇಕು. ಇದು ನನಗೆ ಗೊತ್ತಿಲ್ಲದ ವಿಷಯವೂ ಅಲ್ಲ, ತರಬೇತಿಯಲ್ಲಿ ಮೊದಲ ವಾರವೇ ಕಲಿಸಿದ್ದರು. ನೆನಪಾಗಲಿಲ್ಲ, ಅಷ್ಟೆ.

ಹಾರವನ್ನು ಯಾರೂ ತೆಗೆಯಲಿಲ್ಲ. ಪೂಜೆಯ ಹೂವನ್ನು ಕಿತ್ತು ಬಿಸಾಡುವ ಪದ್ಧತಿ ನಮ್ಮಲ್ಲಿಲ್ಲ. ಬಸ್ಸು, ಜೀಪು, ಹಿಟ್ಟಿನ ಗಿರಣಿ ಎಲ್ಲದರ ಮೇಲೂ ಅದು ತಾನಾಗಿ ಒಣಗಿ ಉದುರುವವರೆಗೆ ಇರುತ್ತದೆ. ನಮ್ಮದೂ ಹಾಗೇ ಇತ್ತು, ಎಸಿಯ ತಂಪಿಗೆ ಬಾಡುವುದೂ ನಿಧಾನ. ನಾನು ದಿನಾ ಬೆಳಿಗ್ಗೆ ತಲೆಯೆತ್ತಿ ಆ ಕಡೆ ನೋಡುತ್ತಿದ್ದೆ. ಹೂವು ಕಾಣುತ್ತಿತ್ತು. ತಲೆ ತಗ್ಗಿಸಿ, ನಕಲು ಸರಿ ಇದೆ ಎಂದು ಟಿಕ್ಕು ಹಾಕಿ ಸಹಿ ಮಾಡುತ್ತಿದ್ದೆ.

ನಾನು ಹೀಗೆ ಟಿಕ್ಕು ಹಾಕುತ್ತಿದ್ದ ದಿನಗಳಲ್ಲೇ ಒಂದು ದಿನ ಅಕ್ಕ ಮಗಳನ್ನು ಕರೆದುಕೊಂಡು ಚಾಮರಾಜನಗರಕ್ಕೆ ಹೋಗಿ ನರ್ಸಿಂಗ್ ಅರ್ಜಿ ಬರೆಸಿಬಂದಳು. ಕೌಂಟರಿನಲ್ಲಿ ಕೇಳಿದ್ದನ್ನೆಲ್ಲ ನೇರವಾಗಿ ಕಂಪ್ಯೂಟರಿಗೇ ಹಾಕುತ್ತಿದ್ದರು, ಕಾಗದದ ಅರ್ಜಿ ಅಂತ ಇರಲಿಲ್ಲ. ಕೈಗೆ ಸಿಗುತ್ತಿದ್ದುದು ನಂಬರು ಬರೆದ ಒಂದು ಚೀಟಿ ಮಾತ್ರ. ಪೂಜೆಯ ದಿನವೂ ಸೇರಿ ಎಂಟನೆಯ ದಿನ ಅರ್ಜಿಯ ಗಡುವು ಮುಗಿಯಿತು.

ಒಂಬತ್ತನೆಯ ದಿನ ಬೆಳಿಗ್ಗೆ ಚಾಮರಾಜನಗರದಲ್ಲಿ ಹೋದ ಕರೆಂಟು ಜೋರಾಗಿ ವಾಪಸು ಬಂದು ಅಲ್ಲಿನ ಯಂತ್ರದ ಪವರ್ ಸಪ್ಲೈ ಸುಟ್ಟುಹೋಯಿತು. ಡಿಸ್ಕುಗಳಿಗೆ ಏನೂ ಆಗಿರಲಿಲ್ಲ, ಆದರೆ ಯಂತ್ರ ಏಳುತ್ತಿರಲಿಲ್ಲ. ಮ್ಯಾನೇಜರು ಫೋನಿನಲ್ಲಿ ಕೂಗಿಕೊಂಡರು. ಗುಂಡ್ಲುಪೇಟೆಯ ನಕಲನ್ನು ಎಬ್ಬಿಸಿ, ಮಧ್ಯಾಹ್ನ ನರ್ಸಿಂಗ್ ಸಂಸ್ಥೆಯ ಅಧಿಕಾರಿ ಪಟ್ಟಿಗೆ ಬರುತ್ತಾರೆ!

ನಕಲನ್ನು ಅಸಲಾಗಿ ಎಬ್ಬಿಸುವಾಗ ಯಂತ್ರ ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತದೆ. ಎಲ್ಲಕ್ಕೂ ಹೌದು ಎಂದು ಉತ್ತರಿಸಿ ಎಂದು ಕಂಪನಿಯ ಫೈಲಿನಲ್ಲಿ ಬರೆದಿತ್ತು. ಆ ಪ್ರಶ್ನೆಗಳಲ್ಲಿ ಒಂದು, ಈ ನಕಲು ಹಳೆಯದು, ಆದರೂ ಮುಂದುವರಿಯಲೇ ಎಂಬುದು. ಫೋನಿನಲ್ಲಿ ಮ್ಯಾನೇಜರು "ಯೆಸ್ ಒತ್ತಿ, ಯೆಸ್ ಒತ್ತಿ" ಎನ್ನುತ್ತಲೇ ಇದ್ದರು. ಒತ್ತಿದೆ. ಅರ್ಧ ಗಂಟೆಯೊಳಗೆ ನಮ್ಮ ಯಂತ್ರ ಎದ್ದು ನಿಂತಿತು. ನಾನು ಪಟ್ಟಿ ಪ್ರಿಂಟು ತೆಗೆದು ಚಾಮರಾಜನಗರದ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟು ಕಳಿಸಿದೆ. ಒಂದೇ ಒಂದು ಅರ್ಜಿಯೂ ಕಳೆದಿಲ್ಲ ಎಂದು ಮ್ಯಾನೇಜರು ಅಧಿಕಾರಿಗೆ ಆಗಲೇ ಹೇಳಿಬಿಟ್ಟಿದ್ದರಂತೆ. ನಾನೂ ಹೆಮ್ಮೆಯಿಂದ ಒಂದು ಟೀ ತರಿಸಿಕೊಂಡು ಕುಡಿದೆ.

ಅಷ್ಟು ಹೊತ್ತಿಗೆ ಅಕ್ಕ ಕೆಂಪು ಗೆರೆಯ ಆಚೆ ನಿಂತು ಸೆರಗಿನ ಗಂಟು ಬಿಚ್ಚಿ ಚೀಟಿ ತೆಗೆದಳು.

"ಅವ್ವ, ನಮ್ ಮಗಿ ನಂಬ್ರ ಒಸಿ ನೋಡ್ಕೊಡು. ಎಲ್ಲ ಸರಿಯಾಗಿ ಬಿದ್ದದ ಏನು ಅಂತ."

ನಂಬರು ಒತ್ತಿದೆ. ಇಲ್ಲ ಎಂದಿತು. ಇನ್ನೊಮ್ಮೆ ಒತ್ತಿದೆ. ಇಲ್ಲ. ಕೊನೆಯ ಅರ್ಜಿ ಯಾವುದು ಎಂದು ಕೇಳಿದೆ. ಅದರ ನಂಬರು ಅಕ್ಕನ ಚೀಟಿಯ ನಂಬರಿಗಿಂತ ಎಷ್ಟೋ ಹಿಂದಿತ್ತು, ಅದರ ತಾರೀಖು ಆಯುಧಪೂಜೆಯ ಹಿಂದಿನ ದಿನದ್ದು. ನಾನು ಎದ್ದು ಹೋಗಿ ಸ್ಟೂಲು ಹತ್ತಿ ಹಾರವನ್ನು ಎತ್ತಿದೆ. ಅದರ ಹಿಂದೆ ದೀಪ ಹಳದಿಯಾಗಿ ಉರಿಯುತ್ತಿತ್ತು.

"ಏನಾಯ್ತವ್ವ?" ಎಂದಳು ಅಕ್ಕ.

ಹೇಳಿದೆ. ಪೂಜೆಯ ದಿನದಿಂದ ಈಚೆಗೆ ಬರೆಸಿದ ಅರ್ಜಿಗಳೆಲ್ಲ ಚಾಮರಾಜನಗರದ ಡಿಸ್ಕಿನಲ್ಲಿ ಮಾತ್ರ ಇವೆ, ಇಲ್ಲಿಗೆ ಬಂದೇ ಇಲ್ಲ ಎಂದೆ. ಅಲ್ಲಿ ಇವೆಯಲ್ಲ, ಹೆದರಬೇಡ ಎಂದೂ ಹೇಳಿದೆ. ಹಾಗೆ ಹೇಳುತ್ತಿರುವಾಗಲೇ ಫೈಲಿನ ಮುಂದಿನ ಪುಟ ನೆನಪಾಯಿತು. ಅಸಲು ಯಂತ್ರ ರಿಪೇರಿಯಾದ ಕೂಡಲೇ ನಕಲಿನಲ್ಲಿರುವುದನ್ನು ಅದರ ಮೇಲೆ ಬರೆಯಬೇಕು, ಎರಡೂ ಒಂದೇ ಆಗಲಿ ಎಂದು. ಹಾಗೆ ಬರೆದರೆ ನಮ್ಮ ಹಳೆಯ ನಕಲು ಹೋಗಿ ಅಲ್ಲಿನ ಹೊಸ ಅರ್ಜಿಗಳನ್ನೆಲ್ಲ ಒರೆಸಿ ಹಾಕುತ್ತದೆ. ಅಕ್ಕನ ಮಗಳದ್ದು ಜಗತ್ತಿನಲ್ಲಿ ಎಲ್ಲೂ ಉಳಿಯುವುದಿಲ್ಲ.

ಚಾಮರಾಜನಗರಕ್ಕೆ ಫೋನು ಹಚ್ಚಿದೆ. ಎತ್ತಿದ್ದು ಅಲ್ಲಿನ ಹಿರಿಯ ಆಪರೇಟರು, ಉಮ್ಮತ್ತೂರಿನವರು, ನನಗೆ ಕೆಲಸ ಕಲಿಸಿದವರು. ಮೈಸೂರಿನಿಂದ ಪವರ್ ಸಪ್ಲೈ ಎರಡು ಗಂಟೆಯ ಬಸ್ಸಿಗೆ ಬರುತ್ತದೆ, ಹಾಕಿದ ತಕ್ಷಣ ನಿಮ್ಮಿಂದ ವಾಪಸು ಬರೆಸಿಕೊಳ್ಳಬೇಕೆಂದು ಹೇಳಿದ್ದಾರೆ ಎಂದರು. ಬೇಡ ಎಂದು ನಾನು ಕೂಗಿದೆ.

"ಸಾಹೇಬ್ರು ಪಕ್ಕದಲ್ಲೇ ಅವ್ರ ಕಣಮ್ಮಿ, ಅವ್ರಿಗೇ ಹೇಳು," ಎಂದು ಫೋನು ಕೊಟ್ಟರು.

ಮ್ಯಾನೇಜರು ಪೂರ್ತಿ ಕೇಳಿಸಿಕೊಂಡರು. ನಾನು ನಿಜ ಹೇಳಬೇಕು, ಅವರಿಗೆ ಅರ್ಥವಾಗಲಿಲ್ಲ ಅನ್ನುವ ಹಾಗಿಲ್ಲ. ಚೆನ್ನಾಗಿ ಅರ್ಥವಾಯಿತು. "ಒಂದೂ ಕಳೆದಿಲ್ಲ ಅಂತ ನಾನು ಮಾತು ಕೊಟ್ಟಾಗಿದೆ ಮೇಡಂ. ಫೈಲಲ್ಲಿ ಇರೋ ಹಾಗೆ ಮಾಡೋಣ. ಆಮೇಲೆ ಯಾರಾದ್ರೂ ಚೀಟಿ ಹಿಡ್ಕೊಂಡು ಬಂದ್ರೆ ನೋಡೋಣ" ಎಂದರು.

"ಏನು ನೋಡ್ತೀರಿ ಸಾರ್? ಏನಿರುತ್ತೆ ನೋಡೋಕೆ?"

"ಹತ್ತಿಪ್ಪತ್ತು ಜನ ಬರಬಹುದು. ನಂಬರ್ ತಪ್ಪು ಅಂದ್ರೆ ಹೋಗ್ತಾರೆ. ಹಳ್ಳಿಯೋರು."

ಹಳ್ಳಿಯೋರು! ಆ ಪದ ಹೇಳಿದ ಧಾಟಿ ನೆನೆಸಿಕೊಂಡರೆ ಈಗಲೂ ನನ್ನ ಹಲ್ಲು ಕಟಕಟ ಎನ್ನುತ್ತದೆ. ಆ ಮನುಷ್ಯನೂ ಆಕಾಶದಿಂದ ಉದುರಿದವನಲ್ಲ, ನಮ್ಮ ಗುಂಡ್ಲುಪೇಟೆ ಕಡೆಯ ಮದ್ದೂರಿನ ಕಾಡಂಚಿನಲ್ಲಿ ಹುಟ್ಟಿ ಬೆಳೆದವನು. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಆ ಕಡೆಯಿಂದ ಫೋನು ಇಟ್ಟ ಸದ್ದು ಕೇಳಿಸಿತು.

ಅಕ್ಕ ಅಲ್ಲೇ ನಿಂತಿದ್ದಳು. ನನಗೆ ಎಲ್ಲಿಲ್ಲದ ಧೈರ್ಯ ಬಂತು. ಗೋಡೆಯ ಪೆಟ್ಟಿಗೆ ತೆರೆದು, ಲೈನಿನಿಂದ ಯಂತ್ರಕ್ಕೆ ಹೋಗುವ ಹಳದಿ ಕೇಬಲನ್ನು ಎರಡೂ ತುದಿ ಕಿತ್ತು, ಸುರುಳಿ ಸುತ್ತಿ, ನನ್ನ ಊಟದ ಬ್ಯಾಗಿಗೆ ತುರುಕಿದೆ. ಅಂಥದ್ದು ಇನ್ನೊಂದು ನಮ್ಮಲ್ಲಿರಲಿಲ್ಲ. ಈಗ ಗುಂಡ್ಲುಪೇಟೆಯಿಂದ ಒಂದಕ್ಷರವೂ ಅತ್ತ ಹೋಗುವಂತಿರಲಿಲ್ಲ. ಆದರೆ ಕೇಬಲು ಒಂದು ಮಧ್ಯಾಹ್ನವನ್ನು ತಡೆಯಬಹುದು, ಮ್ಯಾನೇಜರನ್ನಲ್ಲ. ನಮ್ಮ ಡಿಸ್ಕನ್ನು ಟೇಪಿಗೆ ಇಳಿಸಿಕೊಂಡು ಜೀಪಿನಲ್ಲಿ ತರಿಸಿಯಾದರೂ ಅವರು ಅಲ್ಲಿನ ಹೊಸ ಅರ್ಜಿಗಳನ್ನು ಒರೆಸಬಲ್ಲರು. ಅಧಿಕಾರಿ ಬರುವ ಹೊತ್ತಿಗೆ ನಾವು ಅಲ್ಲಿರಬೇಕಿತ್ತು.

"ನಡಿಯಕ್ಕ, ಚಾಮರಾಜನಗರಕ್ಕೆ ಹೋಗನ" ಅಂದೆ.

ಬಸ್ಸು ಹತ್ತಿದೆವು. ತೆರಕಣಾಂಬಿ ದಾಟುವವರೆಗೆ ಅಕ್ಕ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದಳು. ಆಮೇಲೆ, "ಒರೆಸ್ಬುಟ್ರ, ತಿರ್ಗಾ ಬರೆಸಕಾಗಲ್ವಾ?" ಎಂದಳು. ಗಡುವು ನಿನ್ನೆಗೇ ಮುಗಿಯಿತು ಎಂದೆ. ಬಸ್ಸಿನ ತುಂಬ ನಾನು ಮ್ಯಾನೇಜರನ್ನು ಬೈಯುತ್ತಲೇ ಇದ್ದೆ. ಹಾರ ಕಟ್ಟಿದವರು ಯಾರು, ಟಿಕ್ಕು ಹಾಕಿದವರು ಯಾರು ಎಂಬ ಮಾತು ಮಾತ್ರ ನನ್ನ ಬಾಯಿಂದ ಹೊರಡಲಿಲ್ಲ.

ನಾವು ಹೋದಾಗ ಪವರ್ ಸಪ್ಲೈ ಬಂದು ಕೂತಿತ್ತು. ಲೈನು ಯಾಕೆ ಸತ್ತಿದೆ ಎಂದು ಹಿರಿಯ ಆಪರೇಟರು ತಲೆ ಕೆರೆದುಕೊಳ್ಳುತ್ತಿದ್ದರು. ಪಕ್ಕದ ಕೋಣೆಯಲ್ಲಿ ಸಂಸ್ಥೆಯ ಅಧಿಕಾರಿ ಕಾಫಿ ಕುಡಿಯುತ್ತ ಕೂತಿದ್ದರು, ಕಂಡಕ್ಟರು ತಂದ ಪಟ್ಟಿ ಮೇಜಿನ ಮೇಲಿತ್ತು. ಮ್ಯಾನೇಜರು ನನ್ನನ್ನು ನೋಡಿದವರೇ ಎದ್ದು ಬಾಗಿಲಿಗೆ ಅಡ್ಡ ಬಂದರು. "ಕೇಬಲ್ ಎಲ್ಲಿ?" ಎಂದು ಪಿಸುಗುಟ್ಟಿದರು. ನಾನು ಬ್ಯಾಗನ್ನು ಎದೆಗೆ ಅವಚಿಕೊಂಡು ಗಂಟಲು ಹರಿಯುವಂತೆ ಕೂಗಾಡತೊಡಗಿದೆ. ನಕಲು, ಅಸಲು, ಡಿಸ್ಕು, ಫೈಲು. ಅಧಿಕಾರಿಗೆ ಒಂದೂ ತಿಳಿದಂತೆ ಕಾಣಲಿಲ್ಲ. ಇವರಿಗೆ ಆರೋಗ್ಯ ಸರಿಯಿಲ್ಲ ಎಂದು ಮ್ಯಾನೇಜರು ಅವರಿಗೆ ನಗುನಗುತ್ತ ಹೇಳಿದರು.

ನಾವಿಬ್ಬರೂ ಜಗಳವಾಡುತ್ತಿದ್ದ ಸಂದಿಯಲ್ಲಿ ಅಕ್ಕ ಒಳಗೆ ಹೋಗಿ ಚೀಟಿಯನ್ನು ಮೇಜಿನ ಮೇಲಿಟ್ಟಳು.

"ಸಾ, ಇದು ನನ್ ಮಗಳ್ದು. ನೀವು ಮಡಿಕಂಡಿರ ಪಟ್ಟೀಲಿ ಈ ನಂಬ್ರ ಎಲ್ಲದ, ಒಸಿ ತೋರ್ಸಿ."

ಅಧಿಕಾರಿ ಕನ್ನಡಕ ಹಾಕಿಕೊಂಡು ಪಟ್ಟಿಯ ಕೊನೆಯ ಹಾಳೆ ತಿರುಗಿಸಿದರು. ಕೊನೆಯ ನಂಬರು ನೋಡಿದರು, ಚೀಟಿ ನೋಡಿದರು. ಚೀಟಿಯ ಮೇಲಿನ ತಾರೀಖು, ನಮ್ಮದೇ ಕಂಪನಿಯ ಮುದ್ರೆ ನೋಡಿದರು. ಕಾಫಿ ಲೋಟ ಕೆಳಗಿಟ್ಟು, "ಇದೇನ್ರೀ?" ಎಂದು ಮ್ಯಾನೇಜರನ್ನು ಕೇಳಿದರು. ನನ್ನ ಅಷ್ಟೂ ಕೂಗಾಟದಿಂದ ಆಗದ್ದು ಅವಳ ಒಂದು ಮಾತಿನಿಂದ ಆಯಿತು.

ಮುಂದಿನದೆಲ್ಲ ಹಿರಿಯ ಆಪರೇಟರ ಕೆಲಸ. ಲೈನಿಗೆ ಕೈ ಹಚ್ಚದೆ ಅಲ್ಲಿನ ಯಂತ್ರವನ್ನು ಮಾತ್ರ ಎಬ್ಬಿಸಿದರು. ಯಾವ ಪ್ರಶ್ನೆಗೂ ಓದದೆ ಹೌದು ಎನ್ನಲಿಲ್ಲ. ಡಿಸ್ಕುಗಳು ಒಂದೊಂದಾಗಿ ತಿರುಗಿದವು. "ನಂಬ್ರ ಹೇಳಿ ತಾಯಿ" ಎಂದರು. ಅಕ್ಕ ಚೀಟಿ ಚಾಚಿದಳು. ಪರದೆಯ ಮೇಲೆ ಹುಡುಗಿಯ ಹೆಸರು, ಊರು, ಅಂಕಗಳು ಎಲ್ಲವೂ ಬಂದವು. ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ಇದೆಯಾ ಎಂದು ನನ್ನ ಮುಖ ನೋಡಿದಳು. ಇದೆ ಅಂದೆ. ಅವಳು ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟಳು. ಎಲ್ಲ ಅರ್ಜಿಗಳನ್ನೂ ಮೊದಲು ಟೇಪಿಗೆ ಇಳಿಸಿ, ಹೊಸ ಪಟ್ಟಿ ತೆಗೆದರು. ನಾನು ಸಂಜೆ ಗುಂಡ್ಲುಪೇಟೆಗೆ ಮರಳಿ ಕೇಬಲು ಸಿಕ್ಕಿಸಿದ ಮೇಲೆ, ಚಾಮರಾಜನಗರದಿಂದ ಇತ್ತ ಬರೆಯಿಸಿಕೊಂಡೆವು. ದೀಪ ಹಸಿರಾಗುವುದನ್ನು ನಿಂತು ನೋಡಿದೆ.

ನಾಲ್ಕು ದಿನಕ್ಕೆ ವರದಿ ಬಂತು. ಗುಡಿಸುವ ಹೆಂಗಸು ಯಂತ್ರದ ಸೂಚಕ ದೀಪಕ್ಕೆ ಅಡ್ಡಲಾಗಿ ಹೂವಿನ ಹಾರ ಹಾಕಿದ್ದರಿಂದ ದೋಷ ಗಮನಕ್ಕೆ ಬರಲಿಲ್ಲ, ಆಕೆಯನ್ನು ಕೆಲಸದಿಂದ ತೆಗೆಯಲಾಗಿದೆ.

ನಾನು ದಪ್ಪ ಪುಸ್ತಕ ಎತ್ತಿಕೊಂಡು ಮತ್ತೆ ಬಸ್ಸು ಹತ್ತಿ ಹೋಗಿ ಮ್ಯಾನೇಜರ ಮೇಜಿನ ಮೇಲೆ ಕುಕ್ಕಿದೆ. ಅವಳಿಗೆ ಗೆರೆ ದಾಟುವ ಅಪ್ಪಣೆಯೇ ಇರಲಿಲ್ಲ, ಹಾರ ಕಟ್ಟಿದ್ದು ನಾನು, ನಿಲ್ಲಿಸಿದ್ದನ್ನು ಶುರು ಮಾಡಲು ಮರೆತದ್ದು ನಾನು, ನೋಡದೆ ಏಳು ಟಿಕ್ಕು ಹಾಕಿದ್ದೂ ನಾನು, ನೋಡಿ ನನ್ನ ಸಹಿ ಎಂದೆ. ಅವರು ಪುಸ್ತಕ ತೆರೆಯಲೇ ಇಲ್ಲ.

"ತರಬೇತಿ ಆದೋರು ತಪ್ಪು ಮಾಡಿದ್ರು ಅಂತ ಬರೆದ್ರೆ ಕಂಪನಿ ಉಳಿಯಲ್ಲ ಮೇಡಂ. ಹೂವಿಂದ ಆಯ್ತು ಅಂದ್ರೆ ಎಲ್ಲರೂ ಒಪ್ತಾರೆ. ಅಲ್ಲದೆ ಆಯಮ್ಮ ಅಧಿಕಾರಿ ಮುಂದೆ ಮಾತಾಡಬಾರದಿತ್ತು."

ಅಸಲು ಕಾರಣ ಅದು. ನಾನು ಮತ್ತೆ ಕೂಗಾಡಿದೆ. ಹೊರಗಿನ ಕೌಂಟರಿನವರೆಲ್ಲ ಬಾಗಿಲಿಗೆ ಬಂದು ನಿಂತು ನೋಡುವಷ್ಟು ಕೂಗಾಡಿದೆ. ಮ್ಯಾನೇಜರು ನೀರು ತರಿಸಿ ಕೊಟ್ಟರು. ನನಗೆ ಒಂದು ಎಚ್ಚರಿಕೆಯ ಪತ್ರವೂ ಬರಲಿಲ್ಲ.

ಅದೇ ವಾರ ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಅಕ್ಕ ಸಿಕ್ಕಳು. ಮಗಳಿಗೆ ಕರೆ ಬಂದಿತ್ತು, ಸೀಟು ಸಿಕ್ಕಿತ್ತು. ಅವಳು ಚೆಂಡು ಹೂವು ಬಿಡಿಸುವ ಕೂಲಿಗೆ ಹೊರಟಿದ್ದಳು. ನಾನು ತಡೆಯಲಾರದೆ, ನಿನಗೋಸ್ಕರ ಎಷ್ಟು ಜಗಳವಾಡಿದೆ ಗೊತ್ತಾ ಅಕ್ಕ, ಅವನ ಮುಖಕ್ಕೆ ಮಂಗಳಾರತಿ ಮಾಡಿ ಬಂದೆ ಎಂದು ಶುರುಮಾಡಿದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು. ಅವಳ ಬಸ್ಸು ಬಂತು.

"ಕೂಗಾಡಿದ್ದು ಕೇಳ್ದೆ ಕಣವ್ವ. ಎಲ್ಲಾರೂ ಹೇಳುದ್ರು," ಎಂದಳು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು. "ನಾಳಕ್ಕೂ ನೀನು ಕೆಲ್ಸುಕ್ಕ ಹೋಯ್ತೀಯಲ್ಲ?"

ಅದರಲ್ಲಿ ಚುಚ್ಚುವ ಧ್ವನಿ ಇರಲಿಲ್ಲ, ಬರೀ ವಿಚಾರಿಸಿದಂತಿತ್ತು. ಬಸ್ಸು ಹೊರಟಿತು.

ಮಾರನೆಯ ದಿನ ಹೋದೆ. ಆಮೇಲೆಯೂ ಮೂರು ವರ್ಷ ಅಲ್ಲೇ ಇದ್ದೆ. ಕೆಂಪು ಗೆರೆಯ ಆಚೆಯ ಕಸವನ್ನೂ ನಾನೇ ಗುಡಿಸಿ, ದೀಪ ನೋಡಿ, ನಕಲು ಸರಿ ಇದೆ ಎಂದು ಸಹಿ ಹಾಕುತ್ತಿದ್ದೆ.